ಸೋತವರ ಬೆಂಚಿನಲ್ಲಿ ಕೂತ ಗೆದ್ದ ಕೋಚ್

1986ರ ‘ಹೂಸಿಯರ್ಸ್’ ಸಿನಿಮಾದ ಕೊನೆಯಲ್ಲಿ ಹಳ್ಳಿ ಹೈಸ್ಕೂಲಿನ ಹುಡುಗರು ಪಟ್ಟಣದ ಬಲಾಢ್ಯ ಬ್ಯಾಸ್ಕೆಟ್‌ಬಾಲ್ ತಂಡವನ್ನು ಕಟ್ಟಕಡೆಯ ಗಳಿಗೆಯಲ್ಲಿ ಸೋಲಿಸುತ್ತಾರೆ. ಸೋತ ತಂಡದ ಕಪ್ಪು ವರ್ಣೀಯ ಕೋಚ್ ಆಗಿ ಬೆಂಚಿನಲ್ಲಿ ಕೂತವರು ರೇ ಕ್ರೋ. ಅವರು ನಟರಲ್ಲ, ನಿಜವಾದ ಕೋಚ್. ಆ ದೃಶ್ಯ ಚಿತ್ರೀಕರಿಸಿದ ಅಂಗಣದಲ್ಲೇ 1955 ಮತ್ತು 1956ರಲ್ಲಿ ಇಂಡಿಯಾನಾ ರಾಜ್ಯದ ಹೈಸ್ಕೂಲು ಕಿರೀಟ ಗೆದ್ದಿದ್ದವರು! ಗೆದ್ದವರನ್ನು ಕರೆತಂದು ಸೋತವರ ಪಾತ್ರ ಕೊಟ್ಟ ಆ ಚಮತ್ಕಾರ ನನಗಂತೂ ಇವತ್ತಿಗೂ ಜೀರ್ಣವಾಗಿಲ್ಲ.

ಅಂಗಣ ಇರುವುದು ಅಮೆರಿಕದ ಇಂಡಿಯಾನಾಪೊಲಿಸ್‌ನ ಬಟ್ಲರ್ ವಿಶ್ವವಿದ್ಯಾಲಯದಲ್ಲಿ. 1928ರಲ್ಲಿ ಬಾಗಿಲು ತೆರೆದಾಗ 15,000 ಜನ ಕೂರಬಹುದಿತ್ತು. 1950ರವರೆಗೆ ದೇಶದಲ್ಲಿ ಅದಕ್ಕಿಂತ ದೊಡ್ಡ ಬ್ಯಾಸ್ಕೆಟ್‌ಬಾಲ್ ಅಂಗಣ ಇರಲಿಲ್ಲ. ಸಣ್ಣ ಕಾಲೇಜಿಗೆ ಇಷ್ಟು ದೊಡ್ಡ ಕಟ್ಟಡ ಯಾಕೆ? ಊರಿನ 41 ಮಂದಿ ವ್ಯಾಪಾರಸ್ಥರು ಕಂಪನಿ ಕಟ್ಟಿ ಹಣ ಹೂಡಿದ್ದು ಕಾಲೇಜಿನ ಪಂದ್ಯಗಳನ್ನಷ್ಟೇ ನಂಬಿ ಅಲ್ಲ. ರಾಜ್ಯದ ಹೈಸ್ಕೂಲು ಟೂರ್ನಿಯನ್ನು ಇಲ್ಲೇ ನಡೆಸುವ ಒಪ್ಪಂದ ಕೈಯಲ್ಲಿತ್ತು. ಯುದ್ಧಕಾಲದಲ್ಲಿ ಸೈನಿಕರು ಬಂದು ತಂಗಿದ್ದು ಬಿಟ್ಟರೆ 1971ರವರೆಗೂ ಮಕ್ಕಳ ಫೈನಲ್ ಇಲ್ಲೇ. 1966ರಲ್ಲಿ ಅಂಗಣಕ್ಕೆ ಬಟ್ಲರ್‌ನ ಕೋಚ್ ಟೋನಿ ಹಿಂಕಲ್ ಅವರ ಹೆಸರಿಟ್ಟರು. ಕಂದು ಚೆಂಡು ಸರಿಯಾಗಿ ಕಾಣುವುದಿಲ್ಲವೆಂದು ಕಿತ್ತಳೆ ಬಣ್ಣದ ಚೆಂಡು ತರಿಸಿದ ಪುಣ್ಯಾತ್ಮ ಇವರೇ.

ಸಿನಿಮಾಕ್ಕೆ ಮೂಲ 1954ರ ಫೈನಲ್. ಮೈಲನ್ ಹೈಸ್ಕೂಲಿನಲ್ಲಿ ಇದ್ದದ್ದೇ 161 ವಿದ್ಯಾರ್ಥಿಗಳು. ಬಾಬಿ ಪ್ಲಂಪ್ ಎಂಬ ಹುಡುಗ ಕೊನೆಯ ಕ್ವಾರ್ಟರಿನಲ್ಲಿ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಚೆಂಡು ಹಿಡಿದು ಸುಮ್ಮನೆ ನಿಂತ. ಆಗ ಅದನ್ನು ತಡೆಯುವ ನಿಯಮ ಇರಲಿಲ್ಲ. ಕೊನೆಗೆ ಅವನೇ ಎಸೆದ ಚೆಂಡು ಬುಟ್ಟಿಗೆ ಬಿದ್ದು, ಮನ್ಸಿ ಸೆಂಟ್ರಲ್ ವಿರುದ್ಧ 32–30ರ ಗೆಲುವು.

ಅದೇ ವರ್ಷ ಫೈನಲ್‌ಗೂ ಮೊದಲು ಮೈಲನ್ ಸೋಲಿಸಿದ್ದು ಕ್ರೋ ಅವರ ಕ್ರಿಸ್ಪಸ್ ಅಟಕ್ಸ್ ತಂಡವನ್ನು. ಕಪ್ಪು ಮಕ್ಕಳನ್ನು ಬೇರೆ ಕೂರಿಸಲೆಂದೇ 1927ರಲ್ಲಿ ತೆರೆದ ಶಾಲೆ ಅದು. 1940ರ ದಶಕದ ಆರಂಭದವರೆಗೆ ರಾಜ್ಯ ಟೂರ್ನಿಯ ಬಾಗಿಲೇ ಅದಕ್ಕೆ ಮುಚ್ಚಿತ್ತು. ಶಾಲೆಯ ಜಿಮ್ ತೀರಾ ಚಿಕ್ಕದು. ಹಾಗಾಗಿ ‘ತವರಿನ’ ಪಂದ್ಯಗಳಿಗೂ ಅವರು ಬಟ್ಲರ್‌ಗೇ ಬರಬೇಕಾಗಿತ್ತು.

1955ರಲ್ಲಿ, ಮುಂದೆ ಪ್ರಸಿದ್ಧ ಆಟಗಾರನಾದ ಆಸ್ಕರ್ ರಾಬರ್ಟ್‌ಸನ್ ಇದ್ದ ಅಟಕ್ಸ್ ತಂಡ ಫೈನಲ್‌ನಲ್ಲಿ ಗ್ಯಾರಿ ರೂಸ್‌ವೆಲ್ಟ್ ಶಾಲೆಯನ್ನು 97–74ರಿಂದ ಮಣಿಸಿತು. ಗೆದ್ದವರನ್ನು ಅಗ್ನಿಶಾಮಕ ವಾಹನದಲ್ಲಿ ಕೂರಿಸಿ ನಗರದ ನಡುವಿನ ಮಾನ್ಯುಮೆಂಟ್ ಸರ್ಕಲ್‌ಗೆ ಕರೆದೊಯ್ಯುವುದು ವಾಡಿಕೆ. ಆ ರಾತ್ರಿ ವಾಹನ ಸರ್ಕಲ್ ಸುತ್ತಿತು, ನಿಲ್ಲಲಿಲ್ಲ. ಗಲಾಟೆಯಾದೀತೆಂಬ ಅಧಿಕಾರಿಗಳ ಭಯಕ್ಕೆ ಹುಡುಗರನ್ನು ಕಪ್ಪು ಜನರ ಕೇರಿಯ ಪಾರ್ಕಿಗೆ ಸಾಗಿಸಲಾಯಿತು. ರಾಬರ್ಟ್‌ಸನ್ ಆ ಅವಮಾನವನ್ನು ಎಂದೂ ಮರೆಯಲಿಲ್ಲ. ಇಂಡಿಯಾನಾಪೊಲಿಸ್ ಆ ತಂಡವನ್ನು ತನ್ನ ದೊಡ್ಡ ಮೆರವಣಿಗೆಯ ಮುಂದಾಳುಗಳನ್ನಾಗಿ ಕರೆದದ್ದು 2015ರಲ್ಲಿ. ಅರವತ್ತು ವರ್ಷ ಬೇಕಾಯಿತು!

ಕಟ್ಟಡದ ಅದೃಷ್ಟ ಇದಕ್ಕಿಂತ ಮೇಲು. 1987ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. 1989ರ ರಿಪೇರಿಯಲ್ಲಿ ಆಸನಗಳು 11,000ದಷ್ಟಕ್ಕೆ ಇಳಿದವು. 2014ರಲ್ಲಿ ಮುಗಿದ 3.6 ಕೋಟಿ ಡಾಲರಿನ ನವೀಕರಣದ ನಂತರ ಉಳಿದದ್ದು ಸುಮಾರು 9,100. ಹಳೆಯ ಈಜುಕೊಳದ ಜಾಗದಲ್ಲಿ ಕಚೇರಿಗಳು ಬಂದವು. ಇಟ್ಟಿಗೆಗಳ ಸಂದುಗಳಿಗೆ ಹೊಸ ಗಾರೆ ತುಂಬಿದರು, ಕಿಟಕಿಗಳನ್ನು ಸರಿಪಡಿಸಿದರು. ಉಕ್ಕಿನ ಕಮಾನುಗಳ ಕೆಳಗಿನ ಆ ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ಈಗಲೂ ಅಂಕಣಕ್ಕೆ ಬೀಳುತ್ತದೆ. ಕೆಡವಿ ಗಾಜಿನ ಡಬ್ಬಿ ಕಟ್ಟಲಿಲ್ಲವಲ್ಲ, ಅಷ್ಟು ಸಾಕು.

ನನ್ನ ತಕರಾರು ಕಟ್ಟಡದ ಬಗ್ಗೆ ಅಲ್ಲ, ಅದನ್ನು ಕಟ್ಟಿಸಿದ ಟೂರ್ನಿಯ ಬಗ್ಗೆ. 1997–98ರಿಂದ ಇಂಡಿಯಾನಾ ಶಾಲೆಗಳನ್ನು ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ವಿಂಗಡಿಸಿ, ಒಂದೊಂದು ವರ್ಗಕ್ಕೂ ಬೇರೆ ಬೇರೆ ಚಾಂಪಿಯನ್‌ಗಳನ್ನು ಘೋಷಿಸುತ್ತಿದೆ. 161 ಮಕ್ಕಳ ಶಾಲೆಗೆ ಮನ್ಸಿ ಸೆಂಟ್ರಲ್‌ನಂಥ ಶಾಲೆ ಈಗ ಫೈನಲ್‌ನಲ್ಲಿ ಎದುರಾಗುವುದೇ ಇಲ್ಲ.