ದಾರವೂ ಇಲ್ಲ, ಮೋಟಾರೂ ಇಲ್ಲ

ಎರಡು ಕಾಲಿನ ರೋಬೋಟ್ ಎಂದರೆ ನಮಗೆ ನೆನಪಾಗುವುದು ಹೋಂಡಾ 2000ರಲ್ಲಿ ತೋರಿಸಿದ ಆಸಿಮೊ. ನಡಿಗೆಯ ಬಗ್ಗೆ ನಮ್ಮ ತಲೆಯಲ್ಲಿ ಕೂತ ಹಲವು ತಪ್ಪೆಣಿಕೆಗಳು ಅಲ್ಲಿಂದಲೇ ಬಂದವು.

ತಪ್ಪು ಕಲ್ಪನೆ: ಮೋಟಾರಿಲ್ಲದೆ ಯಂತ್ರ ನಡೆಯದು, ಹಾಗೆ ನಡೆಯುವ ವಿಡಿಯೊದಲ್ಲಿ ದಾರವೋ ಆಯಸ್ಕಾಂತವೋ ಅಡಗಿರುತ್ತದೆ.

ವಾಸ್ತವ: ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟ ನೋಡಿದ ನಮ್ಮ ಕಡೆಯವರಿಗೆ ದಾರ ಹುಡುಕುವುದು ಸಹಜವೇ. ಆದರೆ ಇಲ್ಲಿ ದಾರವಿಲ್ಲ. ಕಾಲಿನ ಉದ್ದ, ತೂಕದ ಹಂಚಿಕೆ, ಪಾದದ ಬಾಗು ಹೊಂದಿಕೊಂಡರೆ ಯಂತ್ರ ಸಣ್ಣ ಇಳಿಜಾರಿನಲ್ಲಿ ತಾನಾಗಿ ನಡೆಯುತ್ತದೆ ಎಂದು ಕೆನಡಾದಲ್ಲಿದ್ದ ಟ್ಯಾಡ್ ಮೆಕ್‌ಗೀರ್ 1990ರಲ್ಲೇ ತೋರಿಸಿದರು. ಊರಿದ ಕಾಲಿನ ಮೇಲೆ ದೇಹ ಮುಂದಕ್ಕೆ ವಾಲುತ್ತದೆ. ಎತ್ತಿದ ಕಾಲು ಗಡಿಯಾರದ ಲೋಲಕದಂತೆ ಬೀಸಿ ಬರುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಅದಕ್ಕೆ ಶಕ್ತಿಯೇ ಬೇಡ.

ವಾಸ್ತವ: ಬೇಕು. ಪಾದ ನೆಲಕ್ಕೆ ತಾಗಿದಾಗಲೆಲ್ಲ ಒಂದಿಷ್ಟು ಶಕ್ತಿ ಸೋರುತ್ತದೆ. ಇಳಿಜಾರಿನಲ್ಲಿ ಗುರುತ್ವ ಅದನ್ನು ತುಂಬಿಕೊಡುತ್ತದೆ, ಸಪಾಟು ನೆಲದಲ್ಲಿ ಮೋಟಾರು ತುಂಬಬೇಕು.

ತಪ್ಪು ಕಲ್ಪನೆ: ದೂರ ನಡೆಯಲು ದೊಡ್ಡ ಬ್ಯಾಟರಿ ಇದ್ದರಾಯಿತು.

ವಾಸ್ತವ: ಬ್ಯಾಟರಿಗಿಂತ ನಡೆಯುವ ರೀತಿ ಮುಖ್ಯ. ಆಸಿಮೊ ಮಂಡಿ ಬಗ್ಗಿಸಿಯೇ ನಡೆಯುತ್ತಿತ್ತು. ಹಾಗೆ ಸುಮ್ಮನೆ ನಿಂತರೂ ಮೋಟಾರು ವಿದ್ಯುತ್ ತಿನ್ನುತ್ತದೆ. (ಅನುಮಾನವಿದ್ದವರು ಮಂಡಿ ಬಗ್ಗಿಸಿ ಐದು ನಿಮಿಷ ನಿಂತು ನೋಡಬಹುದು.) ಅಷ್ಟೇ ತೂಕವನ್ನು ಅಷ್ಟೇ ದೂರ ಒಯ್ಯಲು ಆಸಿಮೊಗೆ ಮನುಷ್ಯನ 16 ಪಟ್ಟು ಶಕ್ತಿ ಬೇಕೆಂದು 2005ರಲ್ಲಿ ಸೈನ್ಸ್ ಪತ್ರಿಕೆಯ ಪ್ರಬಂಧವೊಂದು ಅಂದಾಜಿಸಿತು. ಮೆಕ್‌ಗೀರ್ ದಾರಿಯಲ್ಲೇ ಸಾಗಿದ ಕಾರ್ನೆಲ್ ವಿಶ್ವವಿದ್ಯಾಲಯದ ಆಂಡಿ ರುಯಿನಾ ತಂಡದ ರೇಂಜರ್ ಎಂಬ ರೋಬೋಟ್ 2011ರ ಮೇ ತಿಂಗಳಲ್ಲಿ ಒಂದೇ ಚಾರ್ಜಿನಲ್ಲಿ 65.2 ಕಿ.ಮೀ. ನಡೆಯಿತು. ಸಾಸ್ತಾನದ ಟೋಲ್‌ಗೇಟಿನಿಂದ ಹೊರಟರೆ ಹೆಚ್ಚುಕಡಿಮೆ ಸುರತ್ಕಲ್ ಮುಟ್ಟುವ ದೂರ. 30 ಗಂಟೆ 49 ನಿಮಿಷ, 1,86,076 ಹೆಜ್ಜೆ. ಖರ್ಚಾದದ್ದು ಸುಮಾರು ಅರ್ಧ ಯೂನಿಟ್. ಮೆಸ್ಕಾಂ ಬಿಲ್ಲಿನಲ್ಲಿ ಅದು ಕಣ್ಣಿಗೂ ಬೀಳದು.

ತಪ್ಪು ಕಲ್ಪನೆ: ಇದೆಲ್ಲ ಹೊರದೇಶದವರ ವಿದ್ಯೆ.

ವಾಸ್ತವ: ನಡಿಗೆಯ ಅತಿ ಸರಳ ಗಣಿತ ಮಾದರಿಯನ್ನು 1998ರಲ್ಲಿ ಪ್ರಕಟಿಸಿದ ನಾಲ್ವರಲ್ಲಿ ಅನಿಂದ್ಯ ಚಟರ್ಜಿಯೂ ಒಬ್ಬರು. ಮುಂದೆ ಅವರು ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರಾಧ್ಯಾಪಕರಾಗಿದ್ದರು.

ತಪ್ಪು ಕಲ್ಪನೆ: ರೇಂಜರ್ ಗೆದ್ದಿತು, ಆಸಿಮೊ ಸೋತಿತು.

ವಾಸ್ತವ: ಇಷ್ಟು ಹೇಳಿದ ಮೇಲೆ ನ್ಯಾಯವನ್ನೂ ಹೇಳಬೇಕು. ಆಸಿಮೊ ಮೆಟ್ಟಿಲು ಹತ್ತಿತು, ಓಡಿತು. ರೇಂಜರ್‌ಗೆ ಎರಡೂ ಬಾರದು. ಪಕ್ಕಕ್ಕೆ ಉರುಳದಂತೆ ಅದರ ನಾಲ್ಕು ಕಾಲುಗಳನ್ನು ಜೋಡಿಜೋಡಿಯಾಗಿ ಬೆಸೆದಿದ್ದರು, ಎರಡು ಕಾಲಿನದೆಂದು ಕರೆದದ್ದೇ ತುಸು ಉದಾರ. ನಡೆದದ್ದು ಒಳಾಂಗಣದ ಟ್ರ್ಯಾಕಿನಲ್ಲಿ, ದಾರಿ ತಿರುಗಿಸಲು ರಿಮೋಟ್ ಹಿಡಿದ ಮನುಷ್ಯರು ಜೊತೆಗಿದ್ದರು. ಮಳೆಗಾಲದ ಗದ್ದೆಯಂಚಿನಲ್ಲಿ ಅದು ಹತ್ತು ಹೆಜ್ಜೆಯನ್ನೂ ದಾಟಲಾರದು. ಆಸಿಮೊ ಕೂಡ ಅಷ್ಟೆ.