ದಾಬೋಲಿಂ ನೆಲೆಯ ಅಗ್ನಿಭಟರು: ಮೂರು ನಿಮಿಷಕ್ಕಾಗಿ ವರ್ಷವಿಡೀ ಸಿದ್ಧತೆ

ವಾಸ್ಕೋ ಪಟ್ಟಣದ ಸುತ್ತಮುತ್ತ ನೆಲಸಿರುವ ಕನ್ನಡಿಗರಿಗೆ ದಾಬೋಲಿಂ ಎಂದರೆ ವಿಮಾನ ನಿಲ್ದಾಣ. ಬಂದರಿನಲ್ಲಿಯೂ ಕಟ್ಟಡದ ಕೆಲಸಗಳಲ್ಲಿಯೂ ದುಡಿಯಲು ಬಿಜಾಪುರ, ಬಾಗಲಕೋಟೆ, ಗದಗಗಳ ಕಡೆಯಿಂದ ಬಂದ ಕುಟುಂಬಗಳು ಮನೆಯ ಮಾಡಿನ ಮೇಲೆ ಹಾದುಹೋಗುವ ವಿಮಾನದ ಸದ್ದಿಗೆ ಎಂದೋ ಒಗ್ಗಿಹೋಗಿವೆ. ಆದರೆ ಆ ಎತ್ತರದ ಬಯಲಿನ ರನ್‌ವೇ ಸೈನ್ಯದ್ದು. ಪೋರ್ಚುಗೀಸರ ಕಾಲದಲ್ಲಿ ನಿರ್ಮಾಣವಾದ ಈ ನಿಲ್ದಾಣ ಗೋವಾ ವಿಮೋಚನೆಯ ತರುವಾಯ ಭಾರತೀಯ ನೌಕಾಪಡೆಯ ವಶಕ್ಕೆ ಬಂದು, ಐ.ಎನ್.ಎಸ್. ಹಂಸ ಎಂಬ ವಾಯುನೆಲೆಯಾಯಿತು. ನಾಗರಿಕ ವಿಮಾನಗಳು ಇಳಿಯುವುದೂ ಏರುವುದೂ ಇಂದಿಗೂ ಈ ನೌಕಾನೆಲೆಯ ರನ್‌ವೇಯ ಮೇಲೆಯೇ.

ಇಂತಹ ನೆಲೆಯಲ್ಲಿ ಒಂದು ಸಣ್ಣ ಸಮುದಾಯ ಹಗಲಿರುಳು ಎಚ್ಚರವಾಗಿರುತ್ತದೆ. ಅದು ಅಗ್ನಿಶಾಮಕ ದಳ. ಅವರ ವೃತ್ತಿಯ ವೈಚಿತ್ರ್ಯವೆಂದರೆ, ಕಲಿತ ವಿದ್ಯೆಯನ್ನು ಬಳಸುವ ಸಂದರ್ಭ ಬಾರದಿರಲಿ ಎಂದು ಹಾರೈಸುತ್ತಲೇ ಅದನ್ನು ಪ್ರತಿದಿನವೂ ಮಸೆಯುತ್ತಿರಬೇಕು.

ಕಾಲದೊಡನೆ ಪಂದ್ಯ

ವಿಮಾನಕ್ಕೆ ತಗಲಿದ ಬೆಂಕಿ ಮನೆಗೆ ತಗಲಿದ ಬೆಂಕಿಯಂತಲ್ಲ. ಚೆಲ್ಲಿದ ಇಂಧನ ಹೊತ್ತಿಕೊಂಡರೆ ವಿಮಾನದ ಅಲ್ಯೂಮಿನಿಯಂ ಹೊದಿಕೆ ಒಂದೆರಡು ನಿಮಿಷಗಳಲ್ಲಿಯೇ ಕರಗಿ, ಜ್ವಾಲೆ ಒಳಗೆ ನುಗ್ಗಬಲ್ಲದು. ಆದುದರಿಂದಲೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ ಇಷ್ಟು ಬಿಗಿಯಾಗಿದೆ: ಕರೆ ಬಂದ ಎರಡು ನಿಮಿಷಗಳಲ್ಲಿ, ಹೆಚ್ಚೆಂದರೆ ಮೂರು ನಿಮಿಷಗಳಲ್ಲಿ, ಅಗ್ನಿವಾಹನ ರನ್‌ವೇಯ ಯಾವ ತುದಿಯನ್ನಾದರೂ ತಲುಪಿ ನೊರೆ ಸುರಿಸಲು ತೊಡಗಬೇಕು. ಗಾಢನಿದ್ದೆಯಿಂದ ಎದ್ದು, ದಪ್ಪ ಉಡುಪು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರು ಬಿಗಿದು, ವಾಹನವನ್ನೇರುವುದೂ ಈ ಲೆಕ್ಕದೊಳಗೇ ಸೇರಿದೆ.

ಪಾಳಿ ಬದಲಾದೊಡನೆ ಹೊಸ ತಂಡದ ಮೊದಲ ಕೆಲಸ ತಪಾಸಣೆ. ಟ್ಯಾಂಕಿನಲ್ಲಿ ನೀರೆಷ್ಟು, ನೊರೆಯ ದ್ರಾವಣವೆಷ್ಟು, ಸಿಲಿಂಡರಿನಲ್ಲಿ ಒತ್ತಡವೆಷ್ಟು, ವಾಹನದ ನೆತ್ತಿಯ ಮೇಲಿನ ಫಿರಂಗಿಯಂತಹ ನಳಿಕೆ ಸರಾಗವಾಗಿ ತಿರುಗುತ್ತದೆಯೇ ಎಂದು ಒಂದೊಂದನ್ನೂ ನೋಡಬೇಕು. ಹಿಂದಿನ ಪಾಳಿಯವರು ನೋಡಿದ್ದಾರೆಂಬ ಭರವಸೆಗೆ ಇಲ್ಲಿ ಬೆಲೆಯಿಲ್ಲ.

ಯುದ್ಧವಿಮಾನವಾದರೆ ಕಷ್ಟ ಇಮ್ಮಡಿ. ಪೈಲಟ್‌ನನ್ನು ಆಪತ್ತಿನಲ್ಲಿ ಹೊರಕ್ಕೆ ಚಿಮ್ಮಿಸುವ ಆಸನದಡಿ ಸ್ಫೋಟಕವಿರುತ್ತದೆ. ಕಾಕ್‌ಪಿಟ್‌ನಲ್ಲಿ ಸಿಲುಕಿದವನನ್ನು ಎಳೆಯಹೋದ ಅಗ್ನಿಭಟ ತಪ್ಪು ಹಿಡಿಯನ್ನು ಮುಟ್ಟಿದರೆ ಇಬ್ಬರೂ ಉಳಿಯುವುದಿಲ್ಲ. ಆಸನವನ್ನು ನಿರಪಾಯಗೊಳಿಸುವ ಪಿನ್ನು ಎಲ್ಲಿ ಸೇರಬೇಕು, ಮೇಲಿನ ಗಾಜಿನ ಹೊದಿಕೆಯನ್ನು ಹೊರಗಿನಿಂದ ತೆರೆಯುವುದು ಹೇಗೆ, ರೆಕ್ಕೆಯಡಿ ಕ್ಷಿಪಣಿಯಿದ್ದರೆ ಯಾವ ದಿಕ್ಕಿನಿಂದ ಹತ್ತಿರ ಹೋಗಬಾರದು ಎಂಬುದೆಲ್ಲ ಕಣ್ಣುಮುಚ್ಚಿ ಹೇಳುವಷ್ಟು ಬಾಯಿಪಾಠವಾಗಿರಬೇಕು.

ಇಂತಹ ಗಳಿಗೆಗಳು ದಾಬೋಲಿಂಗೆ ಬಂದಿವೆ. 2016ರ ಡಿಸೆಂಬರ್ 27ರ ನಸುಕಿನಲ್ಲಿ, ಮುಂಬಯಿಗೆ ಹೊರಟಿದ್ದ ಜೆಟ್ ಏರ್‌ವೇಸ್ ವಿಮಾನ 161 ಜನರನ್ನು ಹೊತ್ತು ರನ್‌ವೇಯಿಂದ ಜಾರಿತು. ಕೆಲವರು ಗಾಯಗೊಂಡರೂ ಯಾರ ಪ್ರಾಣವೂ ಹೋಗಲಿಲ್ಲ. 2018ರ ಜನವರಿ 3ರಂದು ನೌಕಾಪಡೆಯ ಮಿಗ್-29ಕೆ ವಿಮಾನ ರನ್‌ವೇ ಬಿಟ್ಟು ಹೊರಳಿ ಬೆಂಕಿಗೆ ತುತ್ತಾಯಿತು. ತರಬೇತಿಯಲ್ಲಿದ್ದ ಪೈಲಟ್ ಹೊರಚಿಮ್ಮಿ ಬದುಕುಳಿದ. ಬೆಂಕಿಯನ್ನು ಆರಿಸಿ, ಅದೇ ದಿನ ವಿಮಾನ ಸಂಚಾರವನ್ನು ಮರಳಿ ಆರಂಭಿಸಲಾಯಿತು.

ಒಂದು ಹಡಗು ಕಲಿಸಿದ ಪಾಠ

ನೌಕಾಪಡೆಗಳಲ್ಲಿ ಅಗ್ನಿಶಮನದ ಶಿಕ್ಷಣ ಇಂದಿನ ರೂಪಕ್ಕೆ ಬರಲು ಒಂದು ದುರಂತ ಬಹುಮಟ್ಟಿಗೆ ಕಾರಣ. 1967ರ ಜುಲೈ 29ರಂದು ವಿಯೆಟ್ನಾಂ ಸಮೀಪದ ಕಡಲಿನಲ್ಲಿದ್ದ ಅಮೆರಿಕದ ವಿಮಾನವಾಹಕ ನೌಕೆ ಫಾರೆಸ್ಟಲ್‌ನ ಮೇಲೆ, ವಿದ್ಯುತ್ ದೋಷದಿಂದ ರಾಕೆಟ್ಟೊಂದು ತಾನಾಗಿ ಹಾರಿ ಎದುರಿನ ವಿಮಾನದ ಇಂಧನ ಟ್ಯಾಂಕಿಗೆ ಬಡಿಯಿತು. ಬೆಂಕಿ ಹತ್ತಿದ ಸುಮಾರು ಒಂದೂವರೆ ನಿಮಿಷದಲ್ಲಿ ಮೊದಲ ಬಾಂಬು ಸಿಡಿಯಿತು. ತರಬೇತಿ ಪಡೆದ ಅಗ್ನಿಭಟರು ಮುಂಚೂಣಿಯಲ್ಲಿದ್ದುದರಿಂದ ಅವರಲ್ಲಿ ಬಹುತೇಕರು ಆ ಮೊದಲ ಸ್ಫೋಟಗಳಲ್ಲಿಯೇ ಗತಿಸಿದರು. ಉಳಿದ ನಾವಿಕರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ವಿದ್ಯೆಯಿರಲಿಲ್ಲ. ಒಬ್ಬರು ಹರಡಿದ ನೊರೆಯನ್ನು ಇನ್ನೊಬ್ಬರು ಸುರಿದ ನೀರು ಕೊಚ್ಚಿಕೊಂಡುಹೋಯಿತು. ಸತ್ತವರು 134 ಮಂದಿ.

ಅಂದಿನಿಂದ ಹಡಗಿನಲ್ಲಿರುವ ಪ್ರತಿಯೊಬ್ಬನೂ, ಅಡುಗೆಯವನಾಗಲಿ ಗುಮಾಸ್ತನಾಗಲಿ, ಮೊದಲು ಅಗ್ನಿಭಟ ಎಂಬ ತತ್ತ್ವ ಗಟ್ಟಿಯಾಯಿತು. ಭಾರತೀಯ ನೌಕಾಪಡೆಯಲ್ಲಿ ಈ ಶಿಕ್ಷಣದ ಕೇಂದ್ರ ಲೋಣಾವಳದ ಐ.ಎನ್.ಎಸ್. ಶಿವಾಜಿ ನೆಲೆ. ಅಲ್ಲಿನ ಕೃತಕ ಹಡಗಿನ ಕೋಣೆ ಅಲೆಗೆ ಸಿಕ್ಕಂತೆ ವಾಲುತ್ತದೆ. ಗೋಡೆಯ ಬಿರುಕುಗಳಿಂದ ನೀರು ನುಗ್ಗುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತು ಅದನ್ನು ಮುಚ್ಚಬೇಕು. ಆ ಯಂತ್ರವನ್ನು ನಿರ್ಮಿಸಿದುದು ವಾಸ್ಕೋದ ಗೋವಾ ಶಿಪ್‌ಯಾರ್ಡ್ ಎಂಬುದು ಈ ಊರಿನವರಿಗೆ ಹೆಮ್ಮೆಯ ಸಂಗತಿ.

ತರಬೇತಿ ಸಾವನ್ನು ದೂರವಿಡುತ್ತದೆ, ಇಲ್ಲವಾಗಿಸುವುದಿಲ್ಲ. ಹಂಸ ನೆಲೆಯ ಮಿಗ್ ವಿಮಾನಗಳಿಗೆ ಕಡಲಿನ ಮನೆಯಾಗಿರುವ ಐ.ಎನ್.ಎಸ್. ವಿಕ್ರಮಾದಿತ್ಯ, 2019ರ ಏಪ್ರಿಲ್ 26ರಂದು ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಹಡಗಿನೊಳಗೆ ಬೆಂಕಿ ಕಾಣಿಸಿಕೊಂಡಿತು. ಅದನ್ನು ಆರಿಸುವ ತಂಡದ ಮುಂದಾಳಾಗಿ ಒಳಹೊಕ್ಕ ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾನ್ ಹೊಗೆಯಲ್ಲಿ ಪ್ರಜ್ಞೆ ತಪ್ಪಿದರು, ಮತ್ತೆ ಚೇತರಿಸಿಕೊಳ್ಳಲಿಲ್ಲ. ಅವರ ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಬೆಂಕಿ ಹತೋಟಿಗೆ ಬಂತು, ಹಡಗು ಉಳಿಯಿತು.

ಒಂದೇ ಒಲೆಯ ಸಂಸಾರ

ಸೈನ್ಯದ ನೆಲೆಯೆಂದರೆ ಹಲವು ಭಾಷೆಗಳ ಸಂತೆ. ಮಲಯಾಳಿ, ಒಡಿಯಾ, ಪಂಜಾಬಿ, ಕನ್ನಡಿಗ ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಗಡಿಯಾಚೆಯ ಕನ್ನಡಿಗರಿಗೆ ಈ ಬಗೆಯ ಬಾಳು ಹೊಸತೇನಲ್ಲ. ಅಗ್ನಿದಳದಲ್ಲಿ ಈ ಒಕ್ಕಟ್ಟಿಗೆ ಇನ್ನೊಂದು ಕಾರಣವಿದೆ. ಹೊಗೆ ತುಂಬಿದ ಕೋಣೆಗೆ ಒಬ್ಬನೇ ಹೋಗುವಂತಿಲ್ಲ, ಇಬ್ಬರು ಜೊತೆಯಾಗಿಯೇ ಹೋಗಬೇಕು. ಕಣ್ಣು ಕಾಣದ ಕಡೆ ಗೆಳೆಯನ ಹೆಗಲ ಮೇಲಿನ ಕೈಯೇ ದಾರಿ. ಅಂತಹ ನಂಬಿಕೆ ಕವಾಯತಿನ ಮೈದಾನದಲ್ಲಿ ಮಾತ್ರ ಹುಟ್ಟುವುದಿಲ್ಲ. ಸಂಜೆಯ ವಾಲಿಬಾಲ್ ಆಟದಲ್ಲಿ, ಒಟ್ಟಿಗೆ ಉಣ್ಣುವ ಊಟದಲ್ಲಿ, ಊರಿನಿಂದ ಬಂದ ಕಾಗದದ ಸುದ್ದಿಯನ್ನು ಹಂಚಿಕೊಳ್ಳುವಲ್ಲಿ ಅದು ಬೆಳೆಯುತ್ತದೆ.

ವಸತಿಗೃಹಗಳಲ್ಲಿರುವ ಹೆಂಡತಿ ಮಕ್ಕಳದೂ ಒಂದು ಬಗೆಯ ಪಾಳಿಯೇ. ದೀಪಾವಳಿಯಂದು ಮನೆಯ ಯಜಮಾನ ಅಗ್ನಿವಾಹನದ ಪಕ್ಕದಲ್ಲಿರುತ್ತಾನೆ. ಪಟಾಕಿಯ ಹಬ್ಬವೆಂದರೆ ಅವನಿಗೆ ಎಚ್ಚರದ ಹಬ್ಬ. ಸೈರನ್ ಮೊಳಗಿದೊಡನೆ ಒಲೆಯ ಮುಂದಿದ್ದವಳು ಒಂದು ಗಳಿಗೆ ಕೈ ತಡೆದು ಕಿವಿಗೊಡುತ್ತಾಳೆ. ಅಭ್ಯಾಸದ ಕರೆಯೆಂದು ತಿಳಿದ ಮೇಲೆ ಕೆಲಸ ಮುಂದುವರಿಯುತ್ತದೆ.

ಕಾಣದ ಬೆಂಕಿ

ಈ ವೃತ್ತಿಯ ಅಪಾಯ ಬೆಂಕಿ ಆರಿದೊಡನೆ ಮುಗಿಯುವುದಿಲ್ಲವೆಂದು ಈಚಿನ ವರ್ಷಗಳಲ್ಲಿ ಜಗತ್ತು ಅರಿತಿದೆ. ಇಂಧನ ನೀರಿನ ಮೇಲೆ ತೇಲುವುದರಿಂದ ಬರಿಯ ನೀರು ಅದರ ಬೆಂಕಿಯನ್ನು ಆರಿಸಲಾರದು. ಅದಕ್ಕಾಗಿ 1960ರ ದಶಕದಲ್ಲಿ ಅಮೆರಿಕದ ನೌಕಾ ಸಂಶೋಧನಾಲಯ ರೂಪಿಸಿದ ನೊರೆ ಇಂಧನದ ಮೇಲೆ ತೆಳುಪೊರೆಯಾಗಿ ಹರಡಿ ಗಾಳಿಯನ್ನು ತಡೆಯುತ್ತದೆ. ಅದು ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಅದರಲ್ಲಿರುವ ಫ್ಲೋರಿನ್‌ಯುಕ್ತ ರಾಸಾಯನಿಕಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೊಳೆಯದೆ ಉಳಿಯುತ್ತವೆ. ಅಮೆರಿಕದಲ್ಲಿ ಅನೇಕ ಸೇನಾನೆಲೆಗಳ ಸುತ್ತಲಿನ ಬಾವಿಗಳು ಇದರಿಂದಲೇ ಕೆಟ್ಟಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಭಟರ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಫ್ಲೋರಿನ್ ಇಲ್ಲದ ನೊರೆ, ಮಸಿ ಹಿಡಿದ ಉಡುಪನ್ನು ಮನೆಗೆ ಒಯ್ಯದಿರುವ ಶಿಸ್ತು, ನಿಯತ ವೈದ್ಯಕೀಯ ತಪಾಸಣೆ ಇವು ಈಗ ತರಬೇತಿಯಷ್ಟೇ ಅಗತ್ಯವಾಗಿವೆ.

ಪ್ರತಿವರ್ಷ ಏಪ್ರಿಲ್ 14ರಂದು ದೇಶದಲ್ಲಿ ಅಗ್ನಿಶಾಮಕ ದಿನದ ಆಚರಣೆ ನಡೆಯುತ್ತದೆ. 1944ರ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ, ಹತ್ತಿಯನ್ನೂ ಮದ್ದುಗುಂಡುಗಳನ್ನೂ ಒಟ್ಟಿಗೆ ತುಂಬಿಕೊಂಡಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು, ಬೆಂಕಿ ಆರಿಸುತ್ತಿದ್ದ 66 ಅಗ್ನಿಭಟರು ಮಡಿದರು. ಅವರ ನೆನಪಿಗೆ ಹೂವಿಡುವುದು ಸಲ್ಲುವ ಗೌರವ. ಇಂದು ಪಾಳಿಯ ಮೇಲಿರುವವರಿಗೆ ಸುರಕ್ಷಿತ ನೊರೆಯನ್ನೂ ಒಳ್ಳೆಯ ಉಡುಪನ್ನೂ ನಿವೃತ್ತಿಯ ನಂತರದ ಆರೋಗ್ಯದ ಆಸರೆಯನ್ನೂ ಒದಗಿಸುವುದು ಅದಕ್ಕಿಂತ ದೊಡ್ಡ ಗೌರವ.