ಕೊಂಬಿನ ಗಾಯ

ಮುಡುಕುತೊರೆ ಜಾತ್ರೆಯ ದನಗಳ ಪರಿಷೆಗೆ ಹೋಗಿದ್ದ ಆ ರೈತ ತಿ.ನರಸೀಪುರದಲ್ಲಿ ಬಸ್ಸಿಳಿದು ಆಸ್ಪತ್ರೆಗೆ ನಡೆದುಕೊಂಡೇ ಬಂದರು. "ಏನಿಲ್ಲ ಕನವ್ವ, ಎತ್ತು ತಿವೀತು. ಎರಡು ಹೊಲಿಗೆ ಹಾಕ್ಬುಡಿ, ಸಂಜೆ ಹಾಲು ಕರೀಬೇಕು." ಹೊಕ್ಕುಳಿನ ಎಡಕ್ಕೆ ಎರಡು ಬೆರಳಗಲದ ಗಾಯ. ರಕ್ತ ನಿಲ್ಲಲಿ ಅಂತ ಯಾರೋ ಕಾಫಿ ಪುಡಿ ಮೆತ್ತಿದ್ದರು. ಕೈ ಹಿಡಿದೆ, ತಣ್ಣಗಿತ್ತು. ನಾಡಿ ನಿಮಿಷಕ್ಕೆ 120 ದಾಟಿತ್ತು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಡಾಕ್ಟರು ಡ್ರಿಪ್ ಹಾಕಿಸಿ ಕೂಡಲೇ ಮೈಸೂರಿಗೆ ಕಳಿಸಿದರು. ಅಲ್ಲಿ ಹೊಟ್ಟೆ ತೆರೆದು ನೋಡಿದರೆ ಸಣ್ಣ ಕರುಳು ಮೂರು ಕಡೆ ತೂತಾಗಿತ್ತು.

ನಂಜನಗೂಡಿನಲ್ಲೂ ನರಸೀಪುರದಲ್ಲೂ ನರ್ಸಾಗಿ ದುಡಿದ ನನಗೆ ಇಂಥ ಸಣ್ಣ ಗಾಯ ಕಂಡರೇ ಹೆಚ್ಚು ಭಯ. ಹಳ್ಳಿಕಾರ್ ಎತ್ತಿನ ಕೊಂಬು ಉದ್ದ, ತುದಿ ಚೂಪು. ತಲೆ ತಗ್ಗಿಸಿ ತಿವಿದ ಎತ್ತು ಅಷ್ಟಕ್ಕೇ ಬಿಡುವುದಿಲ್ಲ, ಕತ್ತು ಮೇಲಕ್ಕೆ ಒದರುತ್ತದೆ. ಕೊಂಬು ಒಳಗೆ ಗೇಣುದ್ದ ಸೀಳಿಕೊಂಡು ಹೋಗಿದ್ದರೂ ಹಿಗ್ಗಿದ ಚರ್ಮ ಮತ್ತೆ ಕೂಡಿಕೊಳ್ಳುತ್ತದೆ. ಸಗಣಿ, ಮಣ್ಣು ಒಳಹೊಕ್ಕು ಧನುರ್ವಾಯುವಿನ ಅಪಾಯ ಬೇರೆ.

ಚಾಕು ಇರಿತದ ರೀತಿಯೇ ಬೇರೆ. ಅದು ಹೆಚ್ಚಾಗಿ ತಾಗುವುದು ಲಿವರಿಗೆ, ಸಣ್ಣ ಕರುಳಿಗೆ. ಉಸಿರು ಬಿಟ್ಟಾಗ ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆ ಮೊಲೆತೊಟ್ಟಿನ ಮಟ್ಟಕ್ಕೆ ಏರುವುದರಿಂದ ಎದೆಯ ಕೆಳಭಾಗದ ಇರಿತವೂ ಹೊಟ್ಟೆಯೊಳಕ್ಕೆ ಇಳಿದಿರಬಹುದು. ಹೊಟ್ಟೆಯ ಮುಂಭಾಗದ ಇರಿತಗಳಲ್ಲಿ ಸುಮಾರು ಮೂರರಲ್ಲೊಂದು ಹೊಟ್ಟೆಯ ಒಳಪೊರೆಯನ್ನು ದಾಟುವುದೇ ಇಲ್ಲ, ನಿಜ. ಆದರೆ ಯಾವುದು ದಾಟಿಲ್ಲ ಅನ್ನುವುದು ಮನೆಯಲ್ಲಿ ಕೂತು ಹೇಳುವ ಮಾತಲ್ಲ.

ಹೊಟ್ಟೆಗೆ ಇಂಥ ಗಾಯವಾದವರಿಗೆ ನೀರು, ಸೋಡಾ ಕುಡಿಸಲೇಬೇಡಿ. ಕರುಳು ಹೊರಬಂದಿದ್ದರೆ ಒಳಕ್ಕೆ ತಳ್ಳಬೇಡಿ, ಚೊಕ್ಕ ಬಟ್ಟೆ ಒದ್ದೆ ಮಾಡಿ ಮೇಲೆ ಹೊದಿಸಿ, ಮಂಡಿ ಮಡಿಸಿ ಮಲಗಿಸಿ. 108ಕ್ಕೆ ಫೋನ್ ಮಾಡಿ. ಚುಚ್ಚಿಕೊಂಡದ್ದನ್ನು ಮಾತ್ರ ಕೀಳಬೇಡಿ. ಹರಿದ ರಕ್ತನಾಳಕ್ಕೆ ಅದೇ ಬಿರಡೆಯಾಗಿರುತ್ತದೆ.

ನಂಜನಗೂಡಿನ ಕಡೆಯ ಒಬ್ಬ ಹುಡುಗ ಕಬ್ಬಿನ ಲೋಡಿನ ಮೇಲಿಂದ ಜಾರಿ ಓರೆಯಾಗಿ ಕತ್ತರಿಸಿದ್ದ ಕೂಳೆಯ ಮೇಲೆ ಬಿದ್ದಿದ್ದ. ಕಬ್ಬು ಕಡಿಯುವ ಗುಂಪಿನ ಮೇಸ್ತ್ರಿ ನಾಟಿಕೊಂಡದ್ದನ್ನು ಯಾರಿಗೂ ಎಳೆಯಲು ಬಿಡಲಿಲ್ಲ. ಕೂಳೆಯನ್ನು ಬುಡದಲ್ಲಿ ಮಚ್ಚಿನಿಂದ ಕಡಿಸಿ, ಹುಡುಗನನ್ನು ಹಾಗೇ ಎತ್ತಿ ಗಾಡಿಯಲ್ಲಿ ಮಲಗಿಸಿದರು. ದಾರಿಯುದ್ದಕ್ಕೂ ಅವನ ತಾಯಿ ಸೆರಗು ಸುತ್ತಿ ಆ ಕೂಳೆ ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಆಸ್ಪತ್ರೆಗೆ ಬಂದ ಮೇಲೂ ಬಿಡಲೊಲ್ಲಳು. "ನಾನು ಹಿಡ್ಕೋತೀನಿ, ಬುಡವ್ವ" ಅಂದು ಅವಳ ಒಂದೊಂದೇ ಬೆರಳು ಬಿಡಿಸಿದೆ. ಅದನ್ನು ಹೊರತೆಗೆದದ್ದು ಮೈಸೂರಿನ ಆಪರೇಷನ್ ಟೇಬಲ್ಲಿನ ಮೇಲೆ.